ಕಾಡುಬೆಂಕಿ ಬಾಯಿಗೆ ಕಾಲಿಡುವುದಿಲ್ಲ

ಪೊಸೊ ದಾಂತಾ
9 ಮಾರ್ಚ್ 1996

ಜೊವಿನಾ ಅಕ್ಕನಿಗೆ,

ನಾನು ಬೆಲ್ಮೀರಾ, ನಿನ್ನ ತಂಗಿ. ನಿನ್ನನ್ನು ಊರಿಂದ ಕಳಿಸಿದಾಗ ನನಗೆ ಎಂಟು ವರ್ಷ, ಈಗ ನಲವತ್ತು. ಈ ಕಾಗದವನ್ನು ಅರ್ಧ ಓದಿ ಹರಿದು ಹಾಕಿದರೂ ನಿನ್ನದು ತಪ್ಪೆನ್ನಲಾರೆ. ಮೂವತ್ತೆರಡು ವರ್ಷ ಒಂದು ಸಾಲು ಬರೆಯದವಳು ಈಗ ಬರೆಯುತ್ತಿದ್ದೇನೆ, ಅದೂ ನನ್ನ ಕಷ್ಟಕ್ಕೆ.

ಡಿಸೆಂಬರಿನಲ್ಲಿ ಬಾಯಿ ಹುಣ್ಣಾಯಿತು. ಪೆಕಿ ಹಣ್ಣಿನ ಕಾಲವಲ್ಲವೇ, ನನ್ನ ಗಂಡ ಓಸ್ಮಾರ್ ನಕ್ಕುಬಿಟ್ಟ. "ಹಣ್ಣನ್ನ ಕೆರೆದು ತಿನ್ನು ಅಂದ್ರೆ ಕಚ್ಚಿದ್ದೀಯ, ಬೀಜದ ಮುಳ್ಳೆಲ್ಲ ನಾಲಿಗೇಲಿ ಕೂತಿರುತ್ತೆ ಬಿಡು" ಎಂದ. ಮುಳ್ಳಿನ ನೋವು ವಾರಕ್ಕೆ ಹೋಗುತ್ತದೆ, ಇದು ಹೋಗಲಿಲ್ಲ. ಫೆಬ್ರವರಿಯ ಕಾರ್ನಿವಲ್ ಹಬ್ಬದ ಹೊತ್ತಿಗೆ ಎದೆ ಮೇಲೆ, ಬೆನ್ನ ಮೇಲೆ ಗುಳ್ಳೆಗಳೆದ್ದವು. ಒಡೆದರೆ ಹಸಿ ಮಾಂಸ. ಡಾಕ್ಟರ್ ಎವಾಲ್ದೊ ಅಂಗಿ ಎತ್ತಿ ನೋಡಿದ್ದೇ ತಡ, "ಕಾಡುಬೆಂಕಿ. ನಿಮ್ಮ ಮನೆತನದ ರಕ್ತದಲ್ಲೇ ಇದೆಯಲ್ಲಮ್ಮ" ಎಂದರು. ಇದೇ ಚರ್ಮರೋಗಕ್ಕೆ ನಿನ್ನನ್ನು ಆಶ್ರಮದ ಲಾರಿ ಹತ್ತಿಸಿದ್ದು ಅವರೇ ಅಲ್ಲವೇ, ಅವರಿಗೆ ನೆನಪಿದೆ. ನಿನ್ನ ವಿಳಾಸ ಕೊಟ್ಟಿದ್ದೂ ಅವರೇ.

ಸಂತೆಯಲ್ಲಿ ಮರಗೆಣಸಿನ ಹಿಟ್ಟಿನ ಬಿಸ್ಕತ್ತು ಮಾರುತ್ತಿದ್ದೆ. ಈಗ ನನ್ನ ಬುಟ್ಟಿಯ ಎದುರು ಬಂದರೆ ಜನ ಆಚೆ ಬದಿಗೆ ದಾಟುತ್ತಾರೆ. ಅಮ್ಮ ಹೋಗಿ ಆರು ವರ್ಷವಾಯಿತು. ಇನ್ನೊಂದು ವಿಷಯ ನಿನಗೆ ಬೇರೆಯವರಿಂದ ತಿಳಿಯುವುದು ಬೇಡ. ನೀನು ಹೋದ ಮರುವರ್ಷ ಅಮ್ಮ ನೀನು ತೀರಿಕೊಂಡೆ ಅಂತ ಊರಿಗೆ ಹೇಳಿ, ಚರ್ಚಿನಲ್ಲಿ ನಿನ್ನ ಆತ್ಮಕ್ಕೆ ಬಲಿಪೂಜೆ ಮಾಡಿಸಿದಳು. ನನಗೆ ಸುಳ್ಳೆಂದು ಗೊತ್ತಿತ್ತು. ನಾನೂ ಮೊಣಕಾಲೂರಿ ಕೂತಿದ್ದೆ.

ಕಾಡುಬೆಂಕಿಯವರನ್ನು ನೋಡಿಕೊಳ್ಳುವ ನಿನ್ನ ಆಶ್ರಮದಲ್ಲಿ ನನಗೊಂದು ಹಾಸಿಗೆ ಸಿಗುತ್ತದೆಯೇ?

ಬೆಲ್ಮೀರಾ


ವಾರ್ಜೆಂ ಕ್ಲಾರಾ
17 ಮಾರ್ಚ್ 1996

ಬೆಲ್ಮೀರಾ,

ಕಾಗದ ಬಂದಾಗ ಒಬ್ಬ ಮುದುಕನ ಬೆನ್ನು ತೊಳೆಯುತ್ತಿದ್ದೆ. ಒದ್ದೆ ಕೈಯಲ್ಲೇ ಒಡೆದೆ, ನೀನು ಬರೆದ ಹೆಸರಿನ ಜಾಗದಲ್ಲಿ ಶಾಯಿ ಹರಡಿತು. ಮೂವತ್ತೆರಡು ವರ್ಷದ ಮೇಲೆ ಒಂದು ಕಾಗದ, ಅದರಲ್ಲಿ ಒಂದು ಹಾಸಿಗೆಯ ಬೇಡಿಕೆ! ಚೆನ್ನಾಗಿದೆ ಕಣೇ. ನಾನು ಬದುಕಿದ್ದೇನೆಯೇ, ಮದುವೆಯಾಯಿತೇ, ಮೈ ವಾಸಿಯಾಯಿತೇ, ಒಂದೂ ಕೇಳಬೇಕೆನಿಸಲಿಲ್ಲ. ನಾನೇ ಹೇಳುತ್ತೇನೆ. ಐದು ವರ್ಷ ಬಾಳೆಲೆ ಮೇಲೆ ಮಲಗಿದೆ, ಬಟ್ಟೆಯಾದರೆ ಮೈಗೆ ಅಂಟಿ ಚರ್ಮ ಎದ್ದು ಬರುತ್ತಿತ್ತು. ಆರನೆಯ ವರ್ಷ ವಾಸಿಯಾಯಿತು. ಹೋಗಲು ಮನೆ ಇರಲಿಲ್ಲ, ಇಲ್ಲೇ ರೋಗಿಗಳಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ನಿಂತೆ. ನನ್ನ ಆತ್ಮಕ್ಕೆ ಬಲಿಪೂಜೆ ನಡೆದ ದಿನ ಬಹುಶಃ ನಾನಿಲ್ಲಿ ಅನ್ನ, ಕಾಳು ಎರಡು ತಟ್ಟೆ ಬಾರಿಸಿರಬೇಕು. ಆಗಲೂ ಹಸಿವಿಗೇನು ಕಡಿಮೆ ಇರಲಿಲ್ಲ.

ಇಷ್ಟು ಬರೆದು, ಮುಂದೆ ಬೈಯಲು ನಿನ್ನ ಕಾಗದವನ್ನು ಮತ್ತೆ ತೆರೆದೆ. ಎರಡನೇ ಸಲ ಓದುವಾಗ ನನ್ನ ಕೈ ನಿಂತಿತು. ಬಾಯಿ ಮೊದಲು ಹುಣ್ಣಾಯಿತು ಅಂದೆಯಲ್ಲ?

ಬೆಲ್ಮೀರಾ, ಕಾಡುಬೆಂಕಿ ಬಾಯಿಗೆ ಕಾಲಿಡುವುದಿಲ್ಲ. ಇಪ್ಪತ್ತಾರು ವರ್ಷದಿಂದ ದಿನಕ್ಕೆ ಹತ್ತು ಹನ್ನೆರಡು ಮೈ ತೊಳೆದಿದ್ದೇನೆ. ತಲೆಯಿಂದ ಪಾದದವರೆಗೆ ಚರ್ಮವೇ ಇಲ್ಲದವರಿಗೆ ಈ ಕೈಯಲ್ಲಿ ಗಂಜಿ ತಿನ್ನಿಸಿದ್ದೇನೆ. ಮೈಯೆಲ್ಲ ಸುಟ್ಟ ಹಾಗಿರುತ್ತದೆ, ಬಾಯಿ ಮಾತ್ರ ಕೂಸಿನ ಬಾಯಿಯಂತೆ ಶುದ್ಧ. ನನ್ನದೂ ಹಾಗೇ ಇತ್ತು. ನಮ್ಮ ಸೀಮೆಯ ಡಾಕ್ಟರುಗಳಿಗೆ ಒಂದು ಗುಳ್ಳೆ ಕಂಡರೆ ಸಾಕು, ಕಾಡುಬೆಂಕಿ ಅನ್ನುತ್ತಾರೆ. ನೋಡಿ ನೋಡಿ ಕಣ್ಣು ಸೋಮಾರಿಯಾಗಿದೆ.

ಹಾಸಿಗೆ ಇದೆ, ಆದರೆ ಕೊಡುವುದಿಲ್ಲ. ಇಲ್ಲಿಗೆ ಬಂದರೆ ನಮ್ಮ ಸ್ನಾನ, ನಮ್ಮ ಗುಳಿಗೆ ಕೊಟ್ಟು, ಬೇರೆ ಏನನ್ನೂ ಹುಡುಕದೆ ನಿನ್ನನ್ನು ಚೊಕ್ಕಟವಾಗಿ ಸಾಯಿಸುತ್ತೇವೆ. ಕೂಡಲೇ ಬರೆ: ತುಟಿ ಹೇಗಿದೆ, ಕಣ್ಣು ಕೆಂಪೇ, ಅಂಗೈ ಅಂಗಾಲಲ್ಲಿ ಇದೆಯೇ, ತೂಕ ಇಳಿದಿದೆಯೇ. ನಾಚಿಕೆ ಬಿಟ್ಟು ಬರೆ.

ಸತ್ತ ಅಕ್ಕ,
ಜೊವಿನಾ


ಪೊಸೊ ದಾಂತಾ
29 ಮಾರ್ಚ್ 1996

ಅಕ್ಕ,

ನಿನ್ನ ಬೈಗುಳ ಓದಿ ಅತ್ತೆ, ಆಮೇಲೆ ನಕ್ಕೆ, ಎಷ್ಟೋ ತಿಂಗಳಲ್ಲಿ ಮೊದಲ ಸಲ. ನಕ್ಕರೆ ತುಟಿ ಬಿರಿದು ರಕ್ತ ಬರುತ್ತದೆ. ತುಟಿಯ ತುಂಬ ಕಪ್ಪು ಹಕ್ಕಳೆ. ಬೆಳಿಗ್ಗೆ ಕಣ್ಣು ಅಂಟಿಕೊಂಡಿರುತ್ತದೆ, ಬೆಚ್ಚನೆ ನೀರು ಹಚ್ಚಿ ಬಿಡಿಸಬೇಕು. ಅಂಗೈಯಲ್ಲಿ ಇದೆ, ಅಂಗಾಲಲ್ಲೂ ಇದೆ. ಹನ್ನೊಂದು ಕಿಲೊ ಇಳಿದಿದ್ದೇನೆ. ತಣ್ಣನೆಯ ಗಂಜಿಯನ್ನು ಕೊಳವೆಯಲ್ಲಿ ಹೀರುತ್ತೇನೆ, ಅದೂ ಬೆಂಕಿ.

ನಿನ್ನ ಮಾತನ್ನು ಡಾಕ್ಟರಿಗೆ ಹೇಳಿದೆ. ಓಸ್ಮಾರನ ಕಡೆ ತಿರುಗಿ, "ನೋಡಪ್ಪಾ, ಮೈ ತೊಳೆಯೋಳು ಈಗ ಡಾಕ್ಟರಾಗಿಬಿಟ್ಲು, ನಾನಿನ್ನು ಸೋಪು ಹಿಡ್ಕೊಂಡು ಹೋಗೋದೇ ಸೈ" ಎಂದರು. ಓಸ್ಮಾರನೂ ನಕ್ಕ. ಕೆಟ್ಟವನಲ್ಲ ಅಕ್ಕ, ಹೆದರಿದ್ದಾನೆ. ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾನೆ. ನಿನ್ನೆ ಎಲ್ಲಿಂದಲೋ ಬಾಳೆಲೆ ಕೊಯ್ದು ತಂದ. ಅದನ್ನು ಕಂಡ ಕೂಡಲೇ ನನಗೆ ನೀನು ಹೋದ ಲಾರಿ ನೆನಪಾಯಿತು.

ಪೆನ್ನು ಹಿಡಿದರೆ ಬೆರಳು ಸುಲಿಯುತ್ತದೆ. ಇಷ್ಟೇ.

ಬೆಲ್ಮೀರಾ


ವಾರ್ಜೆಂ ಕ್ಲಾರಾ
6 ಏಪ್ರಿಲ್ 1996

ಬೆಲ್ಮೀರಾ,

ನಿನ್ನ ಎರಡೂ ಕಾಗದಗಳನ್ನು ನಮ್ಮ ಡಾಕ್ಟರ್ ಸಿಲೆನೆಗೆ ಓದಿ ಹೇಳಿದೆ. ರಾಜಧಾನಿಯಿಂದ ಬಂದ ಹುಡುಗಿ, ಮೂವತ್ತು ದಾಟಿಲ್ಲ, ನನ್ನನ್ನು ದೋನಾ ಜೊವಿನಾ ಅಂತ ಮರ್ಯಾದೆಯಿಂದ ಕರೆಯುತ್ತಾಳೆ. ಅಂಗೈ ಎಂದಾಗ ತಲೆ ಎತ್ತಿದಳು. ಕಣ್ಣು ಎಂದಾಗ ಎದ್ದು ನಿಂತಳು. ಪೆಟ್ಟಿಗೆ ತಡಕಿ ಒಂದು ವೈದ್ಯಪತ್ರಿಕೆ ತೆಗೆದಳು. ಆರು ವರ್ಷದ ಹಿಂದೆ ಯಾರೋ ಡಾಕ್ಟರುಗಳು ಇಂಥ ರೋಗಿಗಳ ಬಗ್ಗೆ ಬರೆದಿದ್ದಾರಂತೆ. ಆ ಡಾಕ್ಟರ್ ಭಾಷೆ ನಾನು ಓದಲಾರೆ, ಅವಳು ಹೇಳಿದ್ದನ್ನು ಹೇಳುತ್ತೇನೆ. ಒಳಗೆಲ್ಲೋ ಒಂದು ಗೆಡ್ಡೆ ಬೆಳೆದಿರುತ್ತದೆ, ಎದೆಯಲ್ಲೋ ಹೊಟ್ಟೆಯಲ್ಲೋ. ಅದರಿಂದಾಗಿ ಮೈಯ ಕಾವಲುಪಡೆ ದಾರಿ ತಪ್ಪಿ, ತನ್ನದೇ ಬಾಯಿ, ತುಟಿ, ಚರ್ಮವನ್ನು ಶತ್ರುವೆಂದು ಹೊಡೆಯಲು ನಿಲ್ಲುತ್ತದೆ. ಹುಣ್ಣಿಗೆ ಎಷ್ಟು ಮುಲಾಮು ಹಚ್ಚಿದರೂ ಗೆಡ್ಡೆ ಒಳಗಿರುವ ತನಕ ಬಿಡುವುದಿಲ್ಲ. ಕೆಲವು ಗೆಡ್ಡೆಗಳನ್ನು ಪೂರ್ತಿ ತೆಗೆಯಬಹುದು. ತೆಗೆದರೆ ಬದುಕಬಹುದು.

"ಬಹುದು ಅಂದ್ರೆ?" ಎಂದು ಕೇಳಿದೆ.

"ತಡ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತೆ ದೋನಾ ಜೊವಿನಾ. ಅಲ್ಲಿಗೆ ಹೋದ ಮೇಲೆ ನಮ್ಮ ಕೈಲಿ ಏನೂ ಇರಲ್ಲ" ಎಂದಳು.

ರಾಜಧಾನಿಯ ದೊಡ್ಡ ಆಸ್ಪತ್ರೆಗೆ ಅವಳೇ ಬರೆದುಕೊಡುತ್ತಾಳೆ. ಗಂಟು ಕಟ್ಟು. ನಾಳೆ ಈಸ್ಟರ್, ಅದಾದ ಮೇಲೆ ಒಂದು ದಿನವೂ ನಿಲ್ಲಬೇಡ.

ಜೊವಿನಾ


ಪೊಸೊ ದಾಂತಾ
13 ಏಪ್ರಿಲ್ 1996

ಮಾನ್ಯ ದೋನಾ ಜೊವಿನಾ ಅವರಿಗೆ,

ನನ್ನ ಹೆಂಡತಿಯ ಆರೋಗ್ಯದ ಬಗ್ಗೆ ತಾವು ತೋರಿದ ಕಾಳಜಿಗೆ ಕೃತಜ್ಞ. ಡಾಕ್ಟರ್ ಎವಾಲ್ದೊ ಗುಳಿಗೆ ಹೆಚ್ಚಿಸಿದ್ದಾರೆ. ಈ ಸ್ಥಿತಿಯಲ್ಲಿ ಬಸ್ಸಿನ ಪ್ರಯಾಣ ಅವಳನ್ನು ಕೊಲ್ಲುತ್ತದೆ ಎಂದಿದ್ದಾರೆ. ಇಲ್ಲದ ಗೆಡ್ಡೆಯ ಆಸೆ ತೋರಿಸಿ ಅವಳ ನಿದ್ದೆ ಕೆಡಿಸಬೇಡಿ. ತಮ್ಮ ವಿಷಯದಲ್ಲಿ ಈ ಊರಿಗೆ ಒಂದು ತಿಳುವಳಿಕೆ ಇದೆ, ಅದು ಹಾಗೇ ಇರುವುದು ಎಲ್ಲರಿಗೂ ಒಳ್ಳೆಯದು. ದಯವಿಟ್ಟು ಇನ್ನು ಬರೆಯಬೇಡಿ. ಬಾಯಿ ಹುಣ್ಣಿನಿಂದ ಅವಳ ಮಾತು ಈಗ ನಮಗೂ ಅರ್ಥವಾಗುತ್ತಿಲ್ಲ.

ಓಸ್ಮಾರ್


ಪೊಸೊ ದಾಂತಾ
21 ಏಪ್ರಿಲ್ 1996, ಭಾನುವಾರ

ಡಾಕ್ಟರ್ ಸಿಲೆನೆ ಅವರಿಗೆ,

ಹೇಳದೆ ಕೇಳದೆ ಬಂದದ್ದಕ್ಕೆ ಸಂಬಳ ಹಿಡಿದರೂ ಸರಿ. ಆ ಮಹಾಶಯನ ಕಾಗದ ಬಂದ ಮೇಲೆ ಕೈಕಟ್ಟಿ ಕೂರಲು ನನ್ನಿಂದಾಗಲಿಲ್ಲ. ಈ ಕಾಗದವನ್ನು ಹಾಲಿನ ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ರಾಜಧಾನಿಗೆ ಫೋನು ಮಾಡಿ, ನಾಳೆ ಮಧ್ಯಾಹ್ನ ನಾವು ಅಲ್ಲಿರುತ್ತೇವೆ.

ನಿನ್ನೆ ಶನಿವಾರ, ಸಂತೆ ತುಂಬಿದ ಹೊತ್ತಿಗೆ ಬಸ್ಸಿಳಿದೆ. ಬೇಕೆಂದೇ ಆ ಬಸ್ಸು ಹಿಡಿದಿದ್ದೆ. ಕೋಳಿ ಮಾರುವ ಮುದುಕಿಯೊಬ್ಬಳು ನನ್ನನ್ನು ಕಂಡು ಬಾಯಿ ತೆರೆದವಳು ಮುಚ್ಚಲಿಲ್ಲ. ನನಗೆ ನಮ್ಮಮ್ಮನ ಮುಖ ಇದೆಯಂತೆ.

"ಯಾರವ್ವ ನೀನು?"

"ಜೊವಿನಾ. ಹೊಳೆ ದಂಡೆ ಮನೆ ದೊಡ್ಡ ಮಗಳು."

"ಅಯ್ಯೋ ನನ್ನಪ್ಪಾ! ಅವಳು ಸತ್ತಳಲ್ಲ!"

"ಸತ್ತಿದ್ದೆ ಅಜ್ಜಿ. ಅಲ್ಲಿ ಕೆಲಸ ಇರಲಿಲ್ಲ, ವಾಪಸ್ ಬಂದೆ."

ಮುದುಕಿ ಶಿಲುಬೆ ಗುರುತು ಹಾಕಿಕೊಂಡಳು, ಕೈಯಲ್ಲಿದ್ದ ಕೋಳಿ ಓಡಿಹೋಯಿತು. ಕೋಳಿ ಹಿಡಿಯುವ ನೆಪದಲ್ಲಿ ಅರ್ಧ ಸಂತೆ ನನ್ನ ಹಿಂದೆ ಬಂತು. ನಾನು ಯಾರನ್ನೂ ತಡೆಯಲಿಲ್ಲ.

ತಂಗಿ ಕೋಣೆಯಲ್ಲಿ ಬಾಳೆಲೆ ಮೇಲೆ ಮಲಗಿದ್ದಳು. ಎಂಟು ವರ್ಷದ ಹುಡುಗಿಯನ್ನು ಬಿಟ್ಟು ಹೋಗಿದ್ದೆ ಡಾಕ್ಟರೇ, ಅಲ್ಲಿ ಒಂದು ಮೂಳೆಯ ಗಂಟು ಇತ್ತು. ಅವಳು ಅಕ್ಕಾ ಅನ್ನಲು ನೋಡಿದಳು, ತುಟಿ ಬಿಡಲಿಲ್ಲ. ನನಗೆ ಅಳು ಬಂತು, ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ನಡುಮನೆಗೆ ಬಂದೆ. ಅಷ್ಟರಲ್ಲಿ ಯಾರೋ ಡಾಕ್ಟರ್ ಎವಾಲ್ದೊರನ್ನು ಕರೆತಂದಿದ್ದರು. ಬಾಗಿಲಲ್ಲಿ, ಕಿಟಕಿಯಲ್ಲಿ, ಅಂಗಳದಲ್ಲಿ ಊರೇ ನಿಂತಿತ್ತು.

"ನೀವು ಇಲ್ಲಿಗೆ ಬರಬಾರದಿತ್ತು" ಎಂದ ಓಸ್ಮಾರ್.

"ನಾನು ಸತ್ತು ಮೂವತ್ತೊಂದು ವರ್ಷ ಆಯ್ತು, ಎಲ್ಲಿಗೆ ಬೇಕಾದ್ರೂ ಬರ್ತೀನಿ. ದೆವ್ವಕ್ಕೆ ಎದುರು ಮಾತಾಡ್ತೀಯೇನೋ?"

ಡಾಕ್ಟರು ಗಂಟಲು ಸರಿಮಾಡಿಕೊಂಡು, "ನೋಡಮ್ಮ, ನಲವತ್ತು ವರ್ಷದಿಂದ ಕಾಡುಬೆಂಕಿ ನೋಡಿದ್ದೀನಿ" ಎಂದರು.

ನಾನು ಅಂಗಿಯ ಮೇಲಿನ ಮೂರು ಗುಂಡಿ ಬಿಚ್ಚಿದೆ. ನನ್ನ ಎದೆಯ ಕಲೆಗಳು ನಿಮಗೆ ಗೊತ್ತಲ್ಲ. "ನೀವು ನೋಡಿದ್ದೀರಿ, ನಾನು ಅದ್ರೊಳಗೆ ಮಲಗಿದ್ದೆ" ಎಂದೆ. ಆಮೇಲೆ ಬಾಯಿ ಅಗಲಿಸಿ ಅವರ ಕನ್ನಡಕದ ಹತ್ತಿರ ಹಿಡಿದೆ. "ನೋಡಿ. ಒಂದು ಗುರುತಾದ್ರೂ ಇದೆಯಾ? ನೀವು ಆಶ್ರಮಕ್ಕೆ ಲಾರೀಲಿ ಕಳಿಸಿದೋರಲ್ಲಿ ಒಬ್ಬರದ್ದಾದ್ರೂ ಬಾಯಿ ಹುಣ್ಣಾಗಿತ್ತಾ? ನೆನಪು ಮಾಡ್ಕೊಂಡು ಹೇಳಿ. ಅವಸರ ಇಲ್ಲ, ಊರೆಲ್ಲ ಕಾಯುತ್ತೆ."

ಮುದುಕ ಯೋಚಿಸಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ, ಅದೊಂದಕ್ಕೆ ಅವರನ್ನು ಮೆಚ್ಚಿದೆ. ಕನ್ನಡಕ ತೆಗೆದು, "ಇಲ್ಲ. ಒಬ್ಬರದ್ದೂ ಇಲ್ಲ" ಎಂದರು. ತಂಗಿಯ ಕೋಣೆಗೆ ಹೋಗಿ, ಟಾರ್ಚು ಹಾಕಿ, ಈ ಕಾಯಿಲೆ ಶುರುವಾದ ಮೇಲೆ ಮೊದಲ ಸಲ ಅವಳ ಬಾಯನ್ನು ಸರಿಯಾಗಿ ನೋಡಿದರು. ಹೊರಗೆ ಬಂದು ಓಸ್ಮಾರನಿಗೆ, "ಗಾಡಿ ಸಿದ್ಧ ಮಾಡಪ್ಪ" ಎಂದರು.

ಓಸ್ಮಾರ್ ರಾತ್ರಿ ಕೂತು ಹೆಂಡತಿಯ ಗಂಟು ಕಟ್ಟಿದ. ಇವತ್ತು ಬೆಳಿಗ್ಗೆ ಕಾಫಿ ತಂದು ಎದುರಿಗಿಟ್ಟು, "ಇದು ಅಂಟೋ ರೋಗ ಅಲ್ವಾ ಹಾಗಾದ್ರೆ?" ಎಂದು ಕೇಳಿದ. ಅಲ್ಲ ಎಂದೆ. ಕಾಡುಬೆಂಕಿಯೂ ಅಂಟುವುದಿಲ್ಲ, ನಮ್ಮಮ್ಮ ನನ್ನ ಬಟ್ಟೆ ಸುಟ್ಟದ್ದು ದಂಡ, ಎಂದೂ ಸೇರಿಸಿದೆ. ಅವನು ಒಳಗೆ ಹೋಗಿ ಹೆಂಡತಿಯ ತಲೆ ಬಾಚಲು ಕೂತ. ಇನ್ನೂ ಬಾಚುತ್ತಿದ್ದಾನೆ.

ನಿಮ್ಮ,
ಜೊವಿನಾ


ರಾಜಧಾನಿ, ಆಸ್ಪತ್ರೆ, ಐದನೇ ಮಹಡಿ
30 ಮೇ 1996

ಅಕ್ಕ,

ನೀನು ಕೆಲಸಕ್ಕೆ ಹಿಂತಿರುಗಿದ ಮೇಲೆ ಇಲ್ಲಿ ನನ್ನನ್ನು ಬೈಯುವವರೇ ಇಲ್ಲ. ಬೆರಳು ಸ್ವಲ್ಪ ವಾಸಿ, ನಾನೇ ಬರೆಯುತ್ತಿದ್ದೇನೆ. ನನ್ನ ರಕ್ತ ತೆಗೆದು ಇಲಿಯ ಮೂತ್ರಕೋಶದ ಚೂರಿನ ಮೇಲೆ ಹಾಕಿ ನೋಡಿದರಂತೆ. ಕಾಡುಬೆಂಕಿಯವರ ರಕ್ತ ಅದಕ್ಕೆ ಅಂಟುವುದಿಲ್ಲವಂತೆ, ನನ್ನದು ಅಂಟಿತು. ಇಲ್ಲಿನ ಡಾಕ್ಟರುಗಳು ಹಬ್ಬ ಬಂದ ಹಾಗೆ ಸಂಭ್ರಮಿಸಿದರು. ನಾಲ್ಕು ದಿನದ ನಂತರ ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆದರು. ಹೊಟ್ಟೆಯ ಹಿಂಭಾಗದಲ್ಲಿ, ಎಡ ಮೂತ್ರಪಿಂಡದ ಪಕ್ಕ, ಕಿತ್ತಳೆ ಗಾತ್ರದ ಗೆಡ್ಡೆ ಇದೆ. ನೀನು ಹೇಳಿದ್ದು ನಿಜ.

ನಾಲ್ಕನೇ ತಾರೀಕು ತೆಗೆಯುತ್ತಾರೆ. ತೆಗೆಯುವಾಗ ಅದರಲ್ಲಿರುವ ವಿಷ ರಕ್ತಕ್ಕೆ ಚೆಲ್ಲಬಾರದೆಂದು ಮೊದಲೇ ಔಷಧಿ ಹರಿಸುತ್ತಿದ್ದಾರೆ. ಗೆಡ್ಡೆ ಹೋದರೂ ಕೆಲವರು ಉಸಿರು ಕಟ್ಟಿ ಹೋಗುತ್ತಾರಂತೆ. ಪಕ್ಕದ ಹಾಸಿಗೆಯವಳು ಹೇಳಿದಳು, ಡಾಕ್ಟರು ಅಲ್ಲವೆನ್ನಲಿಲ್ಲ. ಅಕ್ಕ, ನನಗೆ ತುಂಬ ಹೆದರಿಕೆ. ಊರಲ್ಲಿದ್ದಾಗ ಸತ್ತರೆ ಸಾಕೆನಿಸಿತ್ತು, ಈಗ ಬದುಕಬೇಕೆನಿಸಿ ಹೆದರಿಕೆ. ನಿನಗೆ ಒಂದು ಮಾತು ಹೇಳಬೇಕಿದೆ. ಈಗ ಹೇಳಲಾರೆ.

ಬೆಲ್ಮೀರಾ


ವಾರ್ಜೆಂ ಕ್ಲಾರಾ
1 ಜೂನ್ 1996

ಬೆಲ್ಮೀರಾ,

ಪಕ್ಕದ ಹಾಸಿಗೆಯವಳಿಗೆ ಬಾಯಿ ಮುಚ್ಚಿಕೊಂಡಿರಲು ಹೇಳು, ನಾನು ಹೇಳಿದೆ ಅಂತ ಹೇಳು. ಹೆದರು, ತಪ್ಪಿಲ್ಲ. ಹೆದರಿಕೊಂಡೇ ಮೇಜು ಹತ್ತು. ನಾನು ಮೂರನೇ ತಾರೀಕಿನ ಬಸ್ಸು ಹತ್ತುತ್ತೇನೆ. ಕಣ್ಣು ಬಿಟ್ಟಾಗ ಎದುರಿಗೆ ನನ್ನ ಸಿಡುಕು ಮುಖವೇ ಇರುತ್ತದೆ.

ಹೇಳಬೇಕಾದ ಮಾತನ್ನು ಇಟ್ಟುಕೊಂಡಿರು. ಸಾಯುವವರ ಮಾತು ನಾನು ಬೇಕಾದಷ್ಟು ಕೇಳಿದ್ದೇನೆ, ನಿನ್ನದನ್ನು ಆ ಲೆಕ್ಕದಲ್ಲಿ ಕೇಳಲಾರೆ.

ಜೊವಿನಾ


ವಾರ್ಜೆಂ ಕ್ಲಾರಾ
25 ಆಗಸ್ಟ್ 1996

ಬೆಲ್ಮೀರಾ,

ಗೆಡ್ಡೆ ತೆಗೆದು ಎರಡೂವರೆ ತಿಂಗಳಾದರೂ ಬಾಯಿ ಮಾಯಲಿಲ್ಲ ಎಂದು ಓಸ್ಮಾರನ ಕೈಯಲ್ಲಿ ಗೋಳು ಬರೆಸಿದ್ದೀಯ. ಬೆನ್ನು ಮಾಯಿತು, ಎದೆ ಮಾಯಿತು, ಅಂಗಾಲಿನಲ್ಲಿ ನಡೆಯುತ್ತಿದ್ದೀಯ, ಅದನ್ನು ಮಾತ್ರ ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ಬಾಯಿ ಎಲ್ಲಕ್ಕಿಂತ ಕೊನೆಗೆ ಮಾಯುತ್ತದೆ ಎಂದು ಸಿಲೆನೆ ಹೇಳಿದ್ದಾಳೆ. ಉಸಿರಿನ ಪರೀಕ್ಷೆಗೆ ತಪ್ಪದೆ ಹೋಗು. ತಾಳ್ಮೆಯಿಂದ ಕಾಯು.

ಒಂದು ಸುದ್ದಿ. ಮೊನ್ನೆ ನನ್ನನ್ನು ರಾಜಧಾನಿಯ ಅದೇ ಆಸ್ಪತ್ರೆಗೆ ಕರೆಸಿದ್ದರು. ದೊಡ್ಡ ಕೋಣೆ, ಬಿಳಿ ಕೋಟಿನ ನಲವತ್ತು ಹುಡುಗ ಹುಡುಗಿಯರು. ಗೋಡೆಯ ಮೇಲೆ ನಿನ್ನ ಗೆಡ್ಡೆಯ ಚಿತ್ರ, ಹುಡುಗರ ತಲೆಗಿಂತ ದೊಡ್ಡದು. ಪ್ರೊಫೆಸರರು, "ಈ ರೋಗಿಯದು ಕಾಡುಬೆಂಕಿ ಅಲ್ಲ ಎಂದು ಮೊದಲು ಗುರುತಿಸಿದವರು ದೋನಾ ಜೊವಿನಾ. ಪತ್ರ ಓದಿ ಗುರುತಿಸಿದರು, ರೋಗಿಯನ್ನು ನೋಡಿರಲೂ ಇಲ್ಲ" ಎಂದರು. ನಲವತ್ತು ಜನ ಎದ್ದು ಚಪ್ಪಾಳೆ ಹೊಡೆದರು ಬೆಲ್ಮೀರಾ! ಎರಡು ಮಾತು ಹೇಳಿ ಎಂದರು.

"ಬಾಯಿ ತೆರೆಸಿ ನೋಡ್ರಪ್ಪಾ" ಎಂದೆ. "ಜನ ಅಂಗಿ ಎತ್ತಿ ತೋರಿಸ್ತಾರೆ, ನೀವು ಅದನ್ನಷ್ಟೇ ನೋಡಿ ಕಳಿಸಬೇಡಿ. ಯಾರ ಮನೇಲಿ ಯಾರಿಗೆ ಏನಿತ್ತು ಅಂತ ಆಮೇಲೆ ಕೇಳಿ. ಮೊದಲು ಬಾಯಿ."

ಎಲ್ಲರೂ ಬರೆದುಕೊಂಡರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಹೇಳಿದ್ದನ್ನು ನಲವತ್ತು ಜನ ಡಾಕ್ಟರುಗಳು ಬರೆದುಕೊಂಡರು. ಜಂಬ ಎನ್ನುವೆಯಾ, ಹೌದು, ಜಂಬವೇ. ಬಸ್ಸಿನಲ್ಲಿ ಬರುವಾಗ ಪಕ್ಕದವನಿಗೂ ಹೇಳಿದೆ. ಅವನಿಗೆ ಬೇಕಿರಲಿಲ್ಲ, ಆದರೂ ಹೇಳಿದೆ.

ಜೊವಿನಾ


ಪೊಸೊ ದಾಂತಾ
8 ಡಿಸೆಂಬರ್ 1996

ಅಕ್ಕ,

ಬಾಯಿ ಮಾಯಿತು. ಎಡಗೆನ್ನೆಯ ಒಳಗೆ ಕಾಳಿನಷ್ಟು ಉಳಿದಿದೆ, ಅದೂ ಹೋಗುತ್ತದಂತೆ. ಗೆಡ್ಡೆ ಮತ್ತೆ ಎಲ್ಲೂ ಇಲ್ಲ. ಏರು ಹತ್ತಿದರೆ ಉಸಿರು ಸ್ವಲ್ಪ ಸಾಲದು, ಆದರೆ ಅದು ಹೆಚ್ಚುತ್ತಿಲ್ಲ, ಇಷ್ಟಕ್ಕೆ ನಿಂತಿದೆ ಎಂದಿದ್ದಾರೆ. ನಿನ್ನೆ ಉಪ್ಪಿನ ಹಂದಿಮಾಂಸ, ಅನ್ನ, ಹಸಿ ಟೊಮೇಟೊ ತಿಂದೆ, ಮೇಲೆ ಮೆಣಸಿನಕಾಯಿ. ಓಸ್ಮಾರ್ ಎದುರಿಗೆ ಕೂತು ಸಿನಿಮಾ ನೋಡುವ ಹಾಗೆ ನೋಡಿದ. ಸಂತೆಯಲ್ಲಿ ನನ್ನ ಬಿಸ್ಕತ್ತು ಹತ್ತು ಗಂಟೆಗೆ ಖಾಲಿ. ಡಾಕ್ಟರ್ ಎವಾಲ್ದೊ ಮೊದಲ ಗಿರಾಕಿ. "ನಿಮ್ಮಕ್ಕನಿಗೆ ಹೇಳು, ಈಗ ಕೆಮ್ಮು ಅಂತ ಬಂದೋರಿಗೂ ಬಾಯಿ ತೆಗೆಸ್ತಿದ್ದೀನಿ" ಎನ್ನುತ್ತಾರೆ.

ಈಗ ಆ ಮಾತು. ಸಾಯುವವಳಾಗಿ ಹೇಳಬೇಡ ಎಂದು ನೀನು ಬರೆದಿದ್ದೆ. ಬದುಕಿ ಹೇಳುತ್ತಿದ್ದೇನೆ, ಇದು ಇನ್ನೂ ಕಷ್ಟ.

ಹೊಳೆಯಲ್ಲಿ ಮೀಯುವಾಗ ನಿನ್ನ ಎದೆಯ ಗುಳ್ಳೆ ಮೊದಲು ನೋಡಿದ್ದು ನಾನು. ಅಮ್ಮನಿಗೆ ಹೇಳಬೇಡ ಎಂದು ನೀನು ನನ್ನ ಕೈ ಹಿಡಿದುಕೊಂಡೆ. ಒಂದು ವಾರ ಹೇಳಲಿಲ್ಲ. ಆಮೇಲೆ ನೀನು ನಿನ್ನ ಕೆಂಪು ರಿಬ್ಬನ್ ಕೊಡಲಿಲ್ಲವೆಂದು ಸಿಟ್ಟಿಗೆ ನಾನು ಹೇಳಿಬಿಟ್ಟೆ. ಕಾಳಜಿಗಲ್ಲ, ಹೆದರಿ ಅಲ್ಲ, ಒಂದು ರಿಬ್ಬನ್ನಿಗೆ. ಮೂರನೇ ದಿನ ಲಾರಿ ಬಂತು. ಇಷ್ಟು ವರ್ಷ ನಿನಗೆ ಬರೆಯದಿದ್ದುದು ಅಮ್ಮನ ಹೆದರಿಕೆಗಲ್ಲ, ಇದಕ್ಕೆ. ನಿನ್ನನ್ನು ಮನೆಯಿಂದ ಕಳಿಸಿದವಳು ನಾನು, ನನ್ನನ್ನು ಉಳಿಸಿದವಳು ನೀನು. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನ ಬೆಲ್ಮೀರಾ


ವಾರ್ಜೆಂ ಕ್ಲಾರಾ
18 ಡಿಸೆಂಬರ್ 1996

ನನ್ನ ಬೆಲ್ಮೀರಾ,

ಗೊತ್ತಿತ್ತು. ನೀನು ಹೇಳಿದ್ದು ಅಮ್ಮನಿಗೊಬ್ಬಳಿಗೇ ಅಲ್ಲ ಕಣೇ ಪೆದ್ದಿ, ಮೂರು ಮನೆಗೆ ಕೇಳುವ ಹಾಗೆ ಕಿರುಚಿದ್ದೆ. ನಾನು ಬಾಗಿಲ ಹಿಂದೆ ನಿಂತಿದ್ದೆ. ಬಾಳೆಲೆ ಮೇಲೆ ಮಲಗಿದ ಮೊದಲ ವರ್ಷವೆಲ್ಲ ನಿನ್ನನ್ನು ಶಪಿಸಿದೆ, ಹೆಸರು ಹಿಡಿದು, ದಿನಾ.

ಮರುವರ್ಷ ನನ್ನ ಪಕ್ಕದ ಹಾಸಿಗೆಗೆ ನಮ್ಮ ಹೊಳೆಯ ಆಚೆ ದಂಡೆಯ ಒಬ್ಬ ಹುಡುಗಿ ಬಂದಳು. ಕಿತೇರಿಯಾ ಅಂತ, ನನ್ನ ವಯಸ್ಸು. ಅವಳ ತಂಗಿ ತುಂಬ ಒಳ್ಳೆಯವಳು. ಗುಟ್ಟು ಬಿಡಲಿಲ್ಲ. ಏಳು ತಿಂಗಳು ಅಕ್ಕನ ಗುಳ್ಳೆಗಳನ್ನು ಯಾರಿಗೂ ಕಾಣದಂತೆ ಬಚ್ಚಿಟ್ಟು ನೋಡಿಕೊಂಡಳು. ಕಿತೇರಿಯಾ ಬರುವಾಗ ಮೈಮೇಲೆ ಅಂಗೈ ಅಗಲ ಚರ್ಮ ಇರಲಿಲ್ಲ. ಹನ್ನೊಂದನೇ ದಿನ ಹೋದಳು, ನಾನು ನೋಡುತ್ತಿದ್ದೆ. ಅವತ್ತಿನಿಂದ ನಿನ್ನನ್ನು ಶಪಿಸುವುದು ಬಿಟ್ಟೆ. ಒಂದು ವಾರಕ್ಕೇ ನನ್ನನ್ನು ಬಯಲಿಗೆ ಹಾಕಿದ ಕೆಟ್ಟ ತಂಗಿ ನನಗಿದ್ದಳು, ಅದಕ್ಕೇ ಬದುಕಿದ್ದೇನೆ. ಇದನ್ನು ನಿನಗೆ ಬರೆಯಬೇಕೆಂದು ನೂರು ಸಲ ಅಂದುಕೊಂಡೆ. ಮೊದಲು ತಂಗಿಯೇ ಬರೆಯಲಿ ಎಂಬ ಹಟ. ನನ್ನ ಹಟದಿಂದ ನೀನು ಮೂವತ್ತೆರಡು ವರ್ಷ ಇದನ್ನು ಹೊತ್ತೆ, ಆ ತಪ್ಪು ನನ್ನದು. ಅದಕ್ಕೆ ನೀನು ನನ್ನನ್ನು ಕ್ಷಮಿಸಬೇಕು.

ಸಾಕು, ಇನ್ನು ಅಳಬೇಡ, ಈಗ ತಾನೇ ಕೂಡಿದ ತುಟಿ ಬಿರಿಯುತ್ತದೆ.

ಇಪ್ಪತ್ತೆಂಟನೇ ತಾರೀಕು ಶನಿವಾರ ಹತ್ತು ಗಂಟೆಯ ಬಸ್ಸಿಗೆ ಬರುತ್ತೇನೆ, ಎಂಟು ದಿನ ಇರುತ್ತೇನೆ. ಇಲ್ಲಿ ರಜೆ ಬೇಕಾದರೆ ಅರ್ಜಿ ತುಂಬಬೇಕು, ಎಲ್ಲಿಗೆ ಹೋಗುತ್ತೀರಿ ಎಂದು ಅದರಲ್ಲಿ ಒಂದು ಸಾಲು ಇರುತ್ತದೆ. ಇಪ್ಪತ್ತಾರು ವರ್ಷ ಪ್ರತಿ ಡಿಸೆಂಬರಿನಲ್ಲೂ ಎಲ್ಲರೂ ಅದನ್ನು ತುಂಬುವುದನ್ನು ನೋಡಿದ್ದೇನೆ, ನಾನು ತುಂಬಿರಲಿಲ್ಲ. ಇವತ್ತು ಬೆಳಿಗ್ಗೆ ತುಂಬಿದೆ. ಮನೆಗೆ, ಎಂದು ಬರೆದೆ.

ನಿನ್ನ ಅಕ್ಕ,
ಜೊವಿನಾ